ವಯಸ್ಸಿನ ಮೇಲೆ ಹೊರಿಸಿದ ಕ್ಷಯ

ಕ್ಷಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹರೆಯದ ದೇಹ. ಸಂಜೆಯಾಗುತ್ತಲೇ ಏರುವ ಜ್ವರ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ವಾರಗಟ್ಟಲೆ ಬಿಡದ ಕೆಮ್ಮು, ಕೊನೆಗೊಂದು ದಿನ ಕಫದಲ್ಲಿ ರಕ್ತ. ಹಳೆಯ ಸಿನಿಮಾಗಳು ತೋರಿಸಿದ್ದು ಇದನ್ನೇ, ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪೋಸ್ಟರುಗಳು ಹೇಳುವುದೂ ಇದನ್ನೇ. ಈ ಚಿತ್ರಕ್ಕೆ ಹೊಂದದವರು ನಮ್ಮ ಕಣ್ಣಿಗೆ ಕ್ಷಯರೋಗಿಗಳಾಗಿ ಕಾಣುವುದಿಲ್ಲ. ಎಪ್ಪತ್ತು ದಾಟಿದವರೊಬ್ಬರು ಊಟ ಸೇರುತ್ತಿಲ್ಲ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ, ಮೈಯಲ್ಲಿ ತ್ರಾಣವೇ ಇಲ್ಲ ಎಂದರೆ ಮನೆಯವರಿಂದ ಹಿಡಿದು ವೈದ್ಯರವರೆಗೆ ಎಲ್ಲರ ಬಾಯಲ್ಲೂ ಒಂದೇ ಉತ್ತರ ಸಿದ್ಧವಾಗಿರುತ್ತದೆ: ವಯಸ್ಸಾಯಿತಲ್ಲ. ಅದರ ಜೊತೆಗೆ ಒಂದು ಟಾನಿಕ್ಕು, ಒಂದು ಕೆಮ್ಮಿನ ಸಿರಪ್ಪು, ಹೆಚ್ಚೆಂದರೆ ಐದು ದಿನದ ಆ್ಯಂಟಿಬಯಾಟಿಕ್. ಈ ಉತ್ತರ ತಪ್ಪು, ಇದಕ್ಕೆ ತೆರುವ ಬೆಲೆ ಪ್ರಾಣ ಎಂಬುದು ನನ್ನ ವಾದ. ಮುಪ್ಪಿನಲ್ಲಿ ಶ್ವಾಸಕೋಶದ ಕ್ಷಯ ಅಪರೂಪ ಎಂಬ ನಂಬಿಕೆಯೂ, ಬಂದರೂ ಅದು ತನ್ನ ಗುರುತು ತೋರಿಸಿಯೇ ಬರುತ್ತದೆ ಎಂಬ ಭರವಸೆಯೂ ಸೇರಿ ಪರೀಕ್ಷೆಯನ್ನೇ ತಪ್ಪಿಸುತ್ತವೆ. ಪರೀಕ್ಷೆ ನಡೆಯದಿದ್ದಾಗ ರೋಗಿಗಳ ಪಟ್ಟಿಯಲ್ಲಿ ಹಿರಿಯರ ಹೆಸರು ಕಡಿಮೆಯಾಗುತ್ತದೆ. ಆ ಕಡಿಮೆ ಹೆಸರುಗಳನ್ನೇ ತೋರಿಸಿ, ನೋಡಿ, ಹಿರಿಯರಿಗೆ ಕ್ಷಯ ಕಡಿಮೆ ಎಂದು ಮತ್ತೆ ಹೇಳಲಾಗುತ್ತದೆ. ಹುಡುಕದೆ ಬಿಟ್ಟದ್ದನ್ನು ಇಲ್ಲವೆಂದು ಎಣಿಸುವ ಈ ಲೆಕ್ಕ ಬಹಳ ಕಾಲದಿಂದ ನಡೆದುಬಂದಿದೆ.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ ಮನೆಮನೆಗೆ ಹೋಗಿ ಹುಡುಕಿದಾಗಲೆಲ್ಲ ಚಿತ್ರ ತಿರುಗುಮುರುಗಾಗಿದೆ. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವೆಡೆ ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಿಂದ ನಡೆಸಿದ ಸಮೀಕ್ಷೆಯಲ್ಲಿ, ಅದರಲ್ಲೂ ಗಂಡಸರಲ್ಲಿ, ವಯಸ್ಸು ಏರಿದಂತೆ ಕ್ಷಯವೂ ಏರುವುದು ಕಂಡಿತು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ ಸುತ್ತಮುತ್ತಲ ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿತು. ಅಲ್ಲಿಯೂ ಕಂಡದ್ದು ಇದೇ ಏರಿಕೆ. ತೀರ ಈಚೆಗೆ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆ 15 ವರ್ಷ ಮೀರಿದ ಪ್ರತಿ ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಕ್ಷಯ ಇರುವುದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿತು. ಈ ಪ್ರಮಾಣ ಯಾರಲ್ಲಿ ಹೆಚ್ಚು ಎಂದು ನೋಡಿದರೆ ಅಪೌಷ್ಟಿಕತೆ ಇರುವವರು, ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಇವರ ಜೊತೆಯಲ್ಲಿ ವಯಸ್ಸಾದವರೂ ಇದ್ದಾರೆ. ಅರವತ್ತು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಕೈಗಳು ನಡೆಸಿದ ಎಣಿಕೆಗಳೆಲ್ಲ ಒಂದೇ ದಿಕ್ಕಿಗೆ ಬೆರಳು ಮಾಡಿದರೂ ನಮ್ಮ ಪೋಸ್ಟರಿನ ರೋಗಿಯ ವಯಸ್ಸು ಮಾತ್ರ ಇಪ್ಪತ್ತೈದರಲ್ಲೇ ನಿಂತಿದೆ. ಒಟ್ಟು ರೋಗಿಗಳ ಸಂಖ್ಯೆಯಲ್ಲಿ ಯುವಕರೇ ಹೆಚ್ಚಲ್ಲವೇ ಎಂದು ಕೇಳಿದರೆ ಹೌದು, ಹೆಚ್ಚು. ದೇಶದಲ್ಲಿ ಯುವಜನರೇ ಹೆಚ್ಚಿರುವಾಗ ಹಾಗಾಗುವುದು ಸಹಜ. ಆದರೆ ವೈದ್ಯರ ಮುಂದೆ ಕುಳಿತ ಒಬ್ಬ ಮನುಷ್ಯನ ವಿಷಯದಲ್ಲಿ ಕೇಳಬೇಕಾದ್ದು, ಆತನ ವಯಸ್ಸಿನ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಈ ರೋಗ ಇದೆ ಎಂಬುದನ್ನು. ಆ ಪ್ರಶ್ನೆಗೆ ಉತ್ತರ ಹಿರಿಯರ ಕಡೆಗೇ ವಾಲುತ್ತದೆ.

ಹೀಗೇಕೆ ಎನ್ನುವುದರಲ್ಲಿ ಗುಟ್ಟೇನೂ ಇಲ್ಲ. ಅಮೆರಿಕದ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಮ್ಯಾಸಚೂಸೆಟ್ಸ್ ರಾಜ್ಯದ ಹಲವು ದಶಕಗಳ ಸಾವಿನ ದಾಖಲೆಗಳನ್ನು ವಯಸ್ಸಿನ ಪ್ರಕಾರ ಅಲ್ಲದೆ ಹುಟ್ಟಿದ ಕಾಲದ ಪ್ರಕಾರ ಜೋಡಿಸಿ ನೋಡಿದರು. 1939ರಲ್ಲಿ, ಅವರ ನಿಧನದ ನಂತರ ಪ್ರಕಟವಾದ ಆ ಬರಹ ತೋರಿಸಿದ್ದು ಇಷ್ಟು: ಮುಪ್ಪಿನಲ್ಲಿ ಕ್ಷಯದಿಂದ ಸಾಯುತ್ತಿದ್ದವರು, ತಮ್ಮ ಬಾಲ್ಯದಲ್ಲಿ ಊರೆಲ್ಲ ಸೋಂಕಿದ್ದ ತಲೆಮಾರಿನವರು, ಬಾಲ್ಯದ ಆ ಸಾಲವನ್ನೇ ಅವರು ಕೊನೆಗಾಲದಲ್ಲಿ ತೀರಿಸುತ್ತಿದ್ದರು. ನಮ್ಮಲ್ಲಿ ಇಂದು 75ರ ಆಸುಪಾಸಿನಲ್ಲಿರುವವರು ಹುಟ್ಟಿದ್ದು 1950ರ ಹೊತ್ತಿಗೆ. ಐಸೋನಿಯಾಜಿಡ್ ಕ್ಷಯಕ್ಕೆ ಮದ್ದಾಗಿ ಬಳಕೆಗೆ ಬಂದದ್ದು 1952ರಲ್ಲಿ, ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1962ರಲ್ಲಿ, ಹಳ್ಳಿಗಳಿಗೆ ಮದ್ದು ತಲುಪಿದ್ದು ಇನ್ನೂ ತಡವಾಗಿ. ಗಾಳಿಯಾಡದ ಮನೆಯಲ್ಲಿ, ಕೆಮ್ಮುವ ಹಿರಿಯರ ಮಗ್ಗುಲಲ್ಲೇ ಮಲಗಿ ಬೆಳೆದ ಆ ಮಕ್ಕಳಲ್ಲಿ ಬಹಳ ಮಂದಿಯ ಶ್ವಾಸಕೋಶದಲ್ಲಿ ರೋಗಾಣು ಅಂದೇ ಸೇರಿಕೊಂಡಿದೆ. ದೇಹದ ರಕ್ಷಣೆ ಗಟ್ಟಿಯಾಗಿರುವ ತನಕ ಅದು ಅಡಗಿ ಕೂರುತ್ತದೆ. ವಯಸ್ಸಾದಂತೆ ಆ ರಕ್ಷಣೆ ಸಡಿಲವಾಗುತ್ತದೆ, ಹಲ್ಲು ಹೋಗಿ ಊಟ ಕಡಿಮೆಯಾಗುತ್ತದೆ, ಕ್ಷಯದ ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುವ ಸಕ್ಕರೆ ಕಾಯಿಲೆ ಸೇರಿಕೊಳ್ಳುತ್ತದೆ, ಉಬ್ಬಸಕ್ಕೋ ಸಂಧಿನೋವಿಗೋ ಸ್ಟೀರಾಯ್ಡ್ ಗುಳಿಗೆ ಶುರುವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಹಳೆಯ ಸೋಂಕು ಎದ್ದರೆ ಅದು ಆಶ್ಚರ್ಯದ ಸಂಗತಿಯಲ್ಲ. ಜಪಾನಿನಲ್ಲಿ ಇಂದು ಹೊಸದಾಗಿ ಪತ್ತೆಯಾಗುವ ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರು. ನಮ್ಮಲ್ಲಿಯೂ ಆಯುಸ್ಸು ಹೆಚ್ಚಿದಂತೆ, ಹಿರಿಯರ ಸಂಖ್ಯೆ ಬೆಳೆದಂತೆ, ಈ ಹೊರೆ ಬೆಳೆಯದೆ ಇರುವುದಿಲ್ಲ.

ಇನ್ನು ರೋಗ ಕಾಣಿಸಿಕೊಳ್ಳುವ ಬಗೆಗೆ ಬರೋಣ, ಏಕೆಂದರೆ ನಮ್ಮ ತಪ್ಪಿನ ಬೇರು ಇರುವುದು ಅಲ್ಲಿ. ಪೆರೆಸ್-ಗುಸ್ಮಾನ್ ಮತ್ತು ಸಂಗಡಿಗರು 1999ರಲ್ಲಿ ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ, ಶ್ವಾಸಕೋಶದ ಕ್ಷಯವಿದ್ದ ಹಿರಿಯರನ್ನೂ ಕಿರಿಯರನ್ನೂ ಹೋಲಿಸಿದರು. ಹಿರಿಯರಲ್ಲಿ ಜ್ವರ ಕಡಿಮೆ, ಬೆವರು ಕಡಿಮೆ, ಕಫದಲ್ಲಿ ರಕ್ತ ಕಡಿಮೆ, ಎಕ್ಸ್‌ರೇಯಲ್ಲಿ ಕಾಣುವ ಕುಳಿಗಳು ಕಡಿಮೆ, ಚರ್ಮದ ಟ್ಯುಬರ್ಕ್ಯುಲಿನ್ ಪರೀಕ್ಷೆಯೂ ಪಾಸಿಟಿವ್ ಬರುವುದು ಕಡಿಮೆ. ಹೆಚ್ಚು ಇದ್ದದ್ದು ಏದುಸಿರು ಮತ್ತು ಜೊತೆಗಿದ್ದ ಬೇರೆ ಕಾಯಿಲೆಗಳು: ಹೃದಯದ ತೊಂದರೆ, ದೀರ್ಘಕಾಲದ ಉಬ್ಬಸ, ಸಕ್ಕರೆ ಕಾಯಿಲೆ. ಕೆಮ್ಮು, ಕಫ, ತೂಕ ಇಳಿಯುವುದು, ಸುಸ್ತು, ಇವುಗಳಲ್ಲಿ ಮಾತ್ರ ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ಈ ಫಲಿತಾಂಶವನ್ನು ನಿಧಾನವಾಗಿ ನೋಡಬೇಕು. ಕ್ಷಯದ ಗುರುತು ಎಂದು ನಾವು ಯಾವುದನ್ನು ಕಲಿಸುತ್ತೇವೋ, ರಕ್ತ, ಜ್ವರ, ಬೆವರು, ಅವೇ ಹಿರಿಯರಲ್ಲಿ ಹಿಂದೆ ಸರಿಯುತ್ತವೆ. ಉಳಿದುಕೊಳ್ಳುವುದು ಕೆಮ್ಮು, ಸುಸ್ತು, ಸೊರಗುವಿಕೆ ಮತ್ತು ಏದುಸಿರು. ಇವನ್ನು ವಯಸ್ಸಿನ ಖಾತೆಗೆ ಬರೆಯುವುದು ಬಹಳ ಸುಲಭ. ಜ್ವರವಾಗಲಿ ಕುಳಿಯಾಗಲಿ ರೋಗಾಣು ಒಂದೇ ಮಾಡುವ ಕೆಲಸವಲ್ಲ. ದೇಹ ರೋಗಾಣುವಿನ ಮೇಲೆ ತಿರುಗಿಬಿದ್ದಾಗ ಹುಟ್ಟುವ ಉರಿಯಿಂದ ಜ್ವರ ಬರುತ್ತದೆ, ಅದೇ ಉರಿಯಲ್ಲಿ ಶ್ವಾಸಕೋಶದ ಅಂಗಾಂಶ ಕರಗಿ ಕುಳಿಯಾಗುತ್ತದೆ, ಕುಳಿಯ ಗೋಡೆಯ ರಕ್ತನಾಳ ಒಡೆದಾಗ ರಕ್ತ ಬರುತ್ತದೆ. ತಿರುಗಿಬೀಳುವ ಶಕ್ತಿ ಕುಗ್ಗಿದ ದೇಹದಲ್ಲಿ ಈ ಗದ್ದಲವೂ ಕುಗ್ಗುತ್ತದೆ. ಅದನ್ನು ಕಂಡು ರೋಗ ಸೌಮ್ಯವಾಗಿದೆ ಎಂದುಕೊಳ್ಳುವುದು ಅಪಾಯದ ಭ್ರಮೆ. ಸೌಮ್ಯವಾಗಿದ್ದರೆ ಕ್ಷಯ ಬಂದ ಹಿರಿಯರಲ್ಲಿ ಸಾವಿನ ಪ್ರಮಾಣ ಕಿರಿಯರಿಗಿಂತ ಅಷ್ಟು ಹೆಚ್ಚಿರುತ್ತಿರಲಿಲ್ಲ.

ಜ್ವರವನ್ನೇ ಹತ್ತಿರದಿಂದ ನೋಡೋಣ. ಹಿರಿಯರ ಮೈಬಿಸಿ ಸಾಮಾನ್ಯವಾಗಿಯೇ ಸ್ವಲ್ಪ ಕೆಳಗಿರುತ್ತದೆ. 97 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಾಗಿರುವ ಅಜ್ಜಿಗೆ 99 ಆದರೆ ಅದು ಜ್ವರವೇ. ಹಿರಿಯರ ಆರೈಕೆ ಕೇಂದ್ರಗಳಿಗಾಗಿ ಅಮೆರಿಕದ ತಜ್ಞರು ಮಾಡಿದ ಮಾರ್ಗದರ್ಶಿಯಲ್ಲಿ ಆ ವ್ಯಕ್ತಿಯ ಮಾಮೂಲು ಮಟ್ಟಕ್ಕಿಂತ 2 ಡಿಗ್ರಿ ಏರಿದರೂ ಜ್ವರವೆಂದೇ ಪರಿಗಣಿಸಬೇಕೆಂದಿದೆ. ನಮ್ಮ ಹೊರರೋಗಿ ವಿಭಾಗದಲ್ಲಿ 99ನ್ನು ಕಂಡು ಜ್ವರವಿಲ್ಲ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಮಂಡಿನೋವಿಗೆಂದು ದಿನವೂ ನುಂಗುವ ಪ್ಯಾರಾಸಿಟಮಾಲ್ ಆ 99ನ್ನೂ ಇಳಿಸಿರುತ್ತದೆ. ಎಕ್ಸ್‌ರೇ ವಿಷಯವೂ ಹೀಗೆಯೇ. ಕ್ಷಯ ಶ್ವಾಸಕೋಶದ ತುದಿಯಲ್ಲಿ ಕೂರುತ್ತದೆ ಎಂದು ಕಲಿತ ಕಣ್ಣು ಮೊದಲು ಹುಡುಕುವುದು ಕೊರಳೆಲುಬಿನ ಕೆಳಗೆ. ಹಿರಿಯರಲ್ಲಿ ಮಸುಕು ನಡುವಿನಲ್ಲೋ ಬುಡದಲ್ಲೋ ಕಾಣುವುದು ಸಾಮಾನ್ಯ. ಬುಡದ ಮಸುಕನ್ನು ನ್ಯುಮೋನಿಯಾ ಎಂದೋ ಹೃದಯ ಸೋತು ಸೇರಿದ ನೀರು ಎಂದೋ ಓದಲಾಗುತ್ತದೆ. ರೋಗ ರಕ್ತದ ಮೂಲಕ ಸಾಸಿವೆ ಕಾಳಿನಂತೆ ಮೈಯೆಲ್ಲ ಹರಡುವ ಬಗೆಯಲ್ಲಂತೂ ಕೆಲವೊಮ್ಮೆ ಕೆಮ್ಮೇ ಇರುವುದಿಲ್ಲ. ರಕ್ತಹೀನತೆ ಮತ್ತು ಸೊರಗುವಿಕೆ ಕಂಡು ಕ್ಯಾನ್ಸರ್ ಇರಬೇಕೆಂದು ಮನೆಯವರು ಕೈಚೆಲ್ಲಿ ಕೂರುತ್ತಾರೆ. ಇದ್ದಕ್ಕಿದ್ದಂತೆ ಮಂಕಾಗುವುದು, ಎದ್ದರೆ ತೂರಾಡಿ ಬೀಳುವುದು, ತಾನಾಗಿ ಸ್ನಾನ ಮಾಡುತ್ತಿದ್ದವರು ಇನ್ನೊಬ್ಬರ ಕೈ ಕಾಯುವಂತಾಗುವುದು, ಇವೂ ಹಿರಿಯರಲ್ಲಿ ಒಳಗಿನ ಸೋಂಕಿನ ಲಕ್ಷಣಗಳಾಗಿರಬಹುದು. ಕ್ಷಯದ ಪೋಸ್ಟರಿನಲ್ಲಿ ಇವುಗಳಿಗೆ ಜಾಗವಿಲ್ಲ.

ದೇಹದ ರಕ್ಷಣೆ ಕುಗ್ಗಿದಾಗ ಕ್ಷಯ ಮುಖ ಬದಲಿಸುತ್ತದೆ ಎಂಬುದನ್ನು ವೈದ್ಯಲೋಕ ಬೇರೊಂದು ಕಡೆ ಎಂದೋ ಒಪ್ಪಿಕೊಂಡಿದೆ. ಎಚ್ಐವಿ ಸೋಂಕು ಮುಂದುವರಿದವರಲ್ಲಿ ಕುಳಿಗಳು ಕಡಿಮೆ, ಮಸುಕು ಕೆಳಭಾಗದಲ್ಲೂ ಇರುತ್ತದೆ, ಕಫದಲ್ಲಿ ರೋಗಾಣು ಸಿಗುವುದು ಕಷ್ಟ ಎಂದು ತಿಳಿದ ಮೇಲೆ ಅವರಿಗೆ ಪ್ರತ್ಯೇಕ ನಿಯಮ ಬಂತು. ಎರಡು ವಾರ ಕಾಯಬೇಡಿ, ಒಂದೇ ದಿನದ ಕೆಮ್ಮಾದರೂ ಸರಿ, ಬರೀ ತೂಕ ಇಳಿದಿದ್ದರೂ ಸರಿ, ಪರೀಕ್ಷೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮವೂ ಅದನ್ನು ಪಾಲಿಸುತ್ತದೆ. ವಯಸ್ಸಿನಿಂದ ಕುಗ್ಗುವ ರಕ್ಷಣೆ ಅಷ್ಟು ತೀವ್ರವಲ್ಲ, ಅದರ ದಾರಿಯೂ ಬೇರೆ, ನಿಜ. ಆದರೆ ಲಕ್ಷಣಗಳ ಪಟ್ಟಿ ದೇಹಕ್ಕೆ ತಕ್ಕಂತೆ ಬದಲಾಗಬೇಕು ಎಂಬ ತತ್ವವನ್ನು ಅಲ್ಲಿ ಒಪ್ಪಿ ಇಲ್ಲಿ ಕೈಬಿಡಲು ಕಾರಣವೇನು? ನನಗೆ ತೋಚುವ ಕಾರಣ ಒಂದೇ. ಎಚ್ಐವಿ ಇದ್ದವರ ಸಾವನ್ನು ತಡೆಯಬೇಕಾದ ಸಾವು ಎಂದು ನಾವು ಕಷ್ಟಪಟ್ಟು ಕಲಿತೆವು. ಹಿರಿಯರ ಸಾವನ್ನು ಇನ್ನೂ ಹಾಗೆ ನೋಡಲು ಕಲಿತಿಲ್ಲ.

ಪರೀಕ್ಷೆಗೆ ಕಳಿಸಿದರೂ ಅದು ಹೇಗೆ ಕೈಕೊಡುತ್ತದೆ ಎಂಬುದನ್ನು ಪ್ರಯೋಗಾಲಯದ ಕಿಟಕಿಯಲ್ಲಿ ನಿಂತು ನೋಡಬೇಕು. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟು ಬೆಳಿಗ್ಗೆ ಕಫ ತನ್ನಿ ಎನ್ನುತ್ತಾರೆ. ಕಫ ಎದೆಯಾಳದಿಂದ ಬರಬೇಕು, ಬಾಯಿ ಮುಕ್ಕಳಿಸಿ, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಹೊಟ್ಟೆ ಹಿಡಿದು ಕೆಮ್ಮಬೇಕು ಎಂದು ಹೇಳಿಕೊಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬೆನ್ನು ಬಾಗಿ ಎದೆಗೂಡು ಕುಗ್ಗಿದ, ಕೆಮ್ಮುವ ಸ್ನಾಯುಗಳೇ ಸೋತ ಆಕೆ ಡಬ್ಬಿಯಲ್ಲಿ ತರುವುದು ಜೊಲ್ಲು. ನೀರಿನಂತಿರುವ ಅದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ನೆಗೆಟಿವ್ ಎಂದು ಬರೆದರೆ ಪರೀಕ್ಷೆ ಆದಂತಲ್ಲ. ಸೂಕ್ಷ್ಮದರ್ಶಕಕ್ಕೆ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರದಷ್ಟು ಇರಬೇಕು. ಸಿಬಿನಾಟ್, ಟ್ರೂನಾಟ್‌ನಂಥ ಯಂತ್ರಗಳು ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಕೆಲವೇ ಗಂಟೆಗಳಲ್ಲಿ ಹಿಡಿಯುತ್ತವೆ, ಆದರೆ ಅವಕ್ಕೂ ಎದೆಯಿಂದ ಬಂದ ಕಫವೇ ಬೇಕು. ಉಪ್ಪುನೀರನ್ನು ನೆಬ್ಯುಲೈಸರಿನಲ್ಲಿ ಹಾಕಿ ಉಸಿರಾಡಿಸಿದರೆ ಒಳಗಿನ ಕಫ ಸಡಿಲಗೊಂಡು ಬರುತ್ತದೆ. ಇದಕ್ಕೆ ಬೇಕಾಗುವ ನೆಬ್ಯುಲೈಸರ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದೆ, ಗಾಳಿಯಾಡುವ ಒಂದು ಜಾಗವನ್ನೂ ಹೊಂದಿಸಬಹುದು. ಮಾಡಬೇಕೆಂಬ ಮನಸ್ಸು ಬೇಕು, ಅಷ್ಟೆ.

ಇಲ್ಲಿಗೆ ಬರುವ ಮೊದಲೇ ತಿಂಗಳುಗಳು ಕಳೆದಿರುತ್ತವೆ. ಒಲೆಯ ಹೊಗೆ ಕುಡಿದು ಅಡಿಗೆ ಮಾಡಿದ ಹೆಂಗಸರಿಗೂ ಬೀಡಿ ಸೇದಿದ ಗಂಡಸರಿಗೂ ಹಳೆಯ ದಮ್ಮು ಇದ್ದೇ ಇರುತ್ತದೆ. ಕೆಮ್ಮು ಹೆಚ್ಚಾಯಿತೆಂದರೆ ದಮ್ಮು ಹೆಚ್ಚಾಯಿತೆಂದು ಪಂಪು ಬದಲಿಸುತ್ತಾರೆ, ಸ್ಟೀರಾಯ್ಡ್ ಸೇರಿಸುತ್ತಾರೆ. ಸ್ಟೀರಾಯ್ಡ್‌ನಿಂದ ನಾಲ್ಕು ದಿನ ಹಸಿವು ಬರುತ್ತದೆ, ಉಸಿರು ಹಗುರಾಗುತ್ತದೆ, ರೋಗಾಣುವಿಗೆ ಮಾತ್ರ ದಾರಿ ತೆರೆದುಕೊಳ್ಳುತ್ತದೆ. ಇನ್ನು ಕೆಲವರಿಗೆ ನ್ಯುಮೋನಿಯಾ ಎಂದು ಲಿವೊಫ್ಲಾಕ್ಸಾಸಿನ್ ಕೊಡುತ್ತಾರೆ. ಅದು ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುವ ಮದ್ದು, ಔಷಧ ನಿರೋಧಕ ಕ್ಷಯಕ್ಕೆ ಬಳಸುವ ಮದ್ದುಗಳಲ್ಲಿ ಒಂದು. ವಾರದ ಕೋರ್ಸಿನಲ್ಲಿ ರೋಗಿ ಅರೆಬರೆ ಚೇತರಿಸಿಕೊಳ್ಳುತ್ತಾರೆ, ಕಫದಲ್ಲಿ ರೋಗಾಣು ಸಿಗುವುದು ಇನ್ನೂ ಕಷ್ಟವಾಗುತ್ತದೆ, ನ್ಯುಮೋನಿಯಾ ಎಂಬ ಊಹೆ ನಿಜವಾಯಿತೆಂದು ಎಲ್ಲರೂ ನಂಬುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕೆಮ್ಮು. ಕ್ಷಯದ ಸಂಶಯ ಇರುವಲ್ಲಿ ಕಫ ಕಳಿಸುವ ಮೊದಲು ಈ ಗುಂಪಿನ ಆ್ಯಂಟಿಬಯಾಟಿಕ್ ಮುಟ್ಟಬಾರದು ಎಂಬ ಮಾತು ಪುಸ್ತಕಗಳಲ್ಲಿದೆ. ಆದರೆ ಎಪ್ಪತ್ತರ ಮುಖ ಕಂಡಾಗ ಸಂಶಯವೇ ಹುಟ್ಟದಿದ್ದರೆ ಆ ಎಚ್ಚರಿಕೆಗೆ ಅರ್ಥವೆಲ್ಲಿ?

ರೋಗಿಗಳೇ ತಡವಾಗಿ ಬರುತ್ತಾರೆ, ಹಳ್ಳಿಯ ಹಿರಿಯರು ಹೇಳಿಕೊಳ್ಳುವುದೇ ಇಲ್ಲ ಎಂಬ ಆಕ್ಷೇಪ ಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. ಇತ್ತೀಚಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣ ಇದ್ದವರಲ್ಲಿ ಶೇ. 64ರಷ್ಟು ಮಂದಿ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ, ಅವರಲ್ಲಿ ಹೆಚ್ಚಿನವರು ಲಕ್ಷಣವನ್ನು ಕಡೆಗಣಿಸಿದ್ದರು. ಆದರೆ ತಪ್ಪನ್ನೆಲ್ಲ ರೋಗಿಯ ಮೇಲೆ ಹೊರಿಸುವ ಮೊದಲು ನಮ್ಮದೇ ತುಮಕೂರು ಜಿಲ್ಲೆಯಲ್ಲಿ 1960ರ ದಶಕದ ಆರಂಭದಲ್ಲಿ ನಡೆದ ಅಧ್ಯಯನವೊಂದನ್ನು ನೆನೆಯಬೇಕು. ಬೆಂಗಳೂರಿನ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಅವರು ಹಳ್ಳಿಗಳಲ್ಲಿ ಪತ್ತೆಯಾದ ಕ್ಷಯರೋಗಿಗಳನ್ನು ಮಾತಾಡಿಸಿದರು. ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಆಗಿದೆ ಎಂಬ ಅರಿವಿತ್ತು, ಅರ್ಧದಷ್ಟು ಮಂದಿ ಆರೋಗ್ಯ ಕೇಂದ್ರಕ್ಕೆ ಹೋಗಿಯೂ ಇದ್ದರು. ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ. ರಾಷ್ಟ್ರೀಯ ಕಾರ್ಯಕ್ರಮದ ಸ್ವರೂಪವನ್ನೇ ನಿರ್ಧರಿಸಿದ ಈ ಕಂಡುಕೊಳ್ಳುವಿಕೆಗೆ ಅರವತ್ತು ವರ್ಷ ದಾಟಿದರೂ ಹಿರಿಯ ರೋಗಿಯ ಪಾಡು ಆ ಬಾಟಲಿಯ ಹಂತದಲ್ಲೇ ಇದೆ. ಅದೇ ರಾಷ್ಟ್ರೀಯ ಸಮೀಕ್ಷೆ ಇನ್ನೂ ಒಂದು ಮಾತು ಹೇಳಿದೆ: ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿದ್ದರೆ ಶೇ. 42ಕ್ಕೂ ಹೆಚ್ಚು ರೋಗಿಗಳು ತಪ್ಪಿಹೋಗುತ್ತಿದ್ದರು. ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ ಇದು. ಲಕ್ಷಣಗಳೇ ಮಸುಕಾಗುವ ವಯಸ್ಸಿನಲ್ಲಿ ಪ್ರಶ್ನೆ ಕೇಳಿ ಕ್ಷಯ ಹಿಡಿಯುತ್ತೇವೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ಬಲವಾದ ಆಕ್ಷೇಪ ಬರುವುದು ವೈದ್ಯರಿಂದ. ಹಿರಿಯರಲ್ಲಿ ಕೆಮ್ಮು ಯಾರಿಗಿಲ್ಲ? ಎಲ್ಲರನ್ನೂ ಪರೀಕ್ಷೆಗೆ ಕಳಿಸಿದರೆ ಹಳೆಯ ಗಾಯದ ಕಲೆಗಳನ್ನೇ ಕ್ಷಯವೆಂದು ಓದಿ, ರೋಗವೇ ಇಲ್ಲದವರಿಗೆ ಆರು ತಿಂಗಳ ಮದ್ದು ತಿನ್ನಿಸಿ ಯಕೃತ್ತು ಕೆಡಿಸುತ್ತೇವೆ ಎನ್ನುತ್ತಾರೆ ಅವರು. ಈ ಭಯ ಪೊಳ್ಳಲ್ಲ. ಎಕ್ಸ್‌ರೇ ಒಂದನ್ನೇ ನೋಡಿ ಮದ್ದು ಶುರು ಮಾಡುವ ಅಭ್ಯಾಸ ನಮ್ಮಲ್ಲಿದೆ, ಅದರಿಂದ ಕ್ಯಾನ್ಸರನ್ನು ಕ್ಷಯವೆಂದು ತಿಳಿದು ಅಮೂಲ್ಯ ತಿಂಗಳುಗಳನ್ನು ಕಳೆದದ್ದೂ ಇದೆ. ಆದರೆ ಈ ಆಕ್ಷೇಪ ಪರೀಕ್ಷೆಯನ್ನು ಗಟ್ಟಿಯಾಗಿ ಮಾಡಿ ಎನ್ನುವುದಕ್ಕೆ ಆಧಾರವಾಗುತ್ತದೆ, ಪರೀಕ್ಷೆಯೇ ಬೇಡ ಎನ್ನುವುದಕ್ಕೆ ಆಗುವುದಿಲ್ಲ. ಎಕ್ಸ್‌ರೇ ಸಂಶಯ ಹುಟ್ಟಿಸಲಿ, ಕಫದ ಯಂತ್ರ ಪರೀಕ್ಷೆ ತೀರ್ಪು ಕೊಡಲಿ, ಕಫ ಬಾರದಿದ್ದರೆ ಬ್ರಾಂಕೊಸ್ಕೋಪಿ ಇರುವ ಕಡೆಗೆ ಕಳಿಸಲಿ. ಹಳೆಯ ಫಿಲ್ಮು ಮನೆಯ ಟ್ರಂಕಿನಲ್ಲಿದ್ದರೆ ತರಿಸಿ ಪಕ್ಕದಲ್ಲಿಟ್ಟು ನೋಡಿದರೆ ಕಲೆ ಹಳೆಯದೋ ಹೊಸದೋ ಎಂಬುದು ಎಷ್ಟೋ ಬಾರಿ ಅಲ್ಲೇ ತಿಳಿಯುತ್ತದೆ. ಕೆಮ್ಮಿರುವ ಹಿರಿಯರನ್ನೆಲ್ಲ ದಿನವೂ ಪರೀಕ್ಷಿಸಬೇಕೆಂದು ಯಾರೂ ಕೇಳುತ್ತಿಲ್ಲ. ಆ ವ್ಯಕ್ತಿಯ ಮಾಮೂಲಿಗಿಂತ ಏನಾದರೂ ಬದಲಾಗಿದೆಯೇ ಎಂದು ನೋಡಬೇಕು. ಹತ್ತು ವರ್ಷದ ಕೆಮ್ಮಿನ ದನಿ ಈ ತಿಂಗಳು ಬೇರೆಯಾಯಿತೇ, ಕೈಯ ಬಳೆ ಮೊಣಕೈವರೆಗೆ ಜಾರುತ್ತಿದೆಯೇ, ರವಿಕೆ ತೋಳಿನಲ್ಲಿ ಸಡಿಲವಾಗಿದೆಯೇ ಎಂಬುದನ್ನು ಸೊಸೆಯೋ ಮಗಳೋ ವೈದ್ಯರಿಗಿಂತ ಮೊದಲು ಕಂಡಿರುತ್ತಾರೆ. ಅವರನ್ನು ಕೇಳಿದರೆ ಸಾಕು.

ಮದ್ದನ್ನು ಹಿರಿಯರ ದೇಹ ತಾಳುವುದಿಲ್ಲ, ಗೊತ್ತಾದರೂ ಏನು ಮಾಡಲು ಬರುತ್ತದೆ ಎಂಬುದು ಇನ್ನೊಂದು ಮಾತು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ತೊಂದರೆ ಕೊಡಬಲ್ಲವು, ವಯಸ್ಸಾದಂತೆ ಈ ಅಪಾಯ ಏರುತ್ತದೆ. ಎಥಾಂಬ್ಯುಟಾಲ್ ಕಣ್ಣಿಗೆ ಹಾನಿ ಮಾಡಬಹುದು, ಮೂತ್ರಪಿಂಡ ಸೋತವರಲ್ಲಿ ಇನ್ನೂ ಹೆಚ್ಚು. ರಿಫಾಂಪಿಸಿನ್ ಕೆಲವು ಸಕ್ಕರೆ ಮಾತ್ರೆಗಳ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಬಲ ಕುಗ್ಗಿಸುತ್ತದೆ. ಇವೆಲ್ಲ ಗೊತ್ತಿರುವ ಅಪಾಯಗಳು, ಇವುಗಳಿಗೆ ಗೊತ್ತಿರುವ ಉಪಾಯಗಳೂ ಇವೆ. ಮೊದಲ ವಾರಗಳಲ್ಲಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸುವುದು, ವಾಂತಿ ಅಥವಾ ಕಣ್ಣು ಹಳದಿಯಾದರೆ ಅಂದೇ ಮಾತ್ರೆ ನಿಲ್ಲಿಸಿ ಬರುವಂತೆ ಮನೆಯವರಿಗೆ ಹೇಳುವುದು, ತೀರ ವಯಸ್ಸಾದವರಲ್ಲಿ ಪೈರಜಿನಮೈಡ್ ಬಿಟ್ಟು ಚಿಕಿತ್ಸೆಯನ್ನು ಒಂಬತ್ತು ತಿಂಗಳಿಗೆ ಹಿಗ್ಗಿಸುವುದು, ಐಸೋನಿಯಾಜಿಡ್ ಜೊತೆಗೆ ಪೈರಿಡಾಕ್ಸಿನ್ ಕೊಡುವುದು, ಸಕ್ಕರೆಯ ಮದ್ದನ್ನು ಸರಿಹೊಂದಿಸುವುದು. ಕಿಮೊಥೆರಪಿಯ ಅಪಾಯಗಳನ್ನು ತಿಳಿದೂ ಎಪ್ಪತ್ತರವರಿಗೆ ಕ್ಯಾನ್ಸರ್ ಚಿಕಿತ್ಸೆ ಕೊಡುತ್ತೇವೆ, ಹೃದಯಕ್ಕೆ ಸ್ಟೆಂಟು ಹಾಕುತ್ತೇವೆ. ಬಹುಪಾಲು ಗುಣವಾಗುವ ರೋಗಕ್ಕೆ ಮಾತ್ರ ಕೈಕಟ್ಟಿ ಕೂರುವುದನ್ನು ಎಚ್ಚರಿಕೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಕೊನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡು ನಡೆಯುವವರು ಬಹಳ. ಹಣ, ಸಿಬ್ಬಂದಿ, ಯಂತ್ರ ಎಲ್ಲ ಮಿತವಾಗಿವೆ, ದುಡಿಯುವ ವಯಸ್ಸಿನವರನ್ನು ಮೊದಲು ಉಳಿಸೋಣ, ಮುದುಕರು ಎಷ್ಟಾದರೂ ಹೋಗುವವರೇ ಎಂಬ ಲೆಕ್ಕ ಇದು. ಮನುಷ್ಯರ ಬೆಲೆಯನ್ನು ಅವರ ಕೂಲಿಯಿಂದ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಆ ಮಾತನ್ನು ಬದಿಗಿಟ್ಟು ಬರೀ ಸೋಂಕಿನ ಲೆಕ್ಕ ಹಿಡಿದರೂ ಈ ವಾದ ನಿಲ್ಲುವುದಿಲ್ಲ. ಕುಳಿ ಕಡಿಮೆಯಾದರೂ ಹಿರಿಯರ ಕೆಮ್ಮೂ ಕಫವೂ ಕಿರಿಯರಿಗಿಂತ ಕಡಿಮೆಯಿಲ್ಲ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ವಿಲಿಯಂ ಸ್ಟೆಡ್ ಎಂಬ ವೈದ್ಯರು 1980ರ ದಶಕದಲ್ಲಿ ಹಿರಿಯರ ಆರೈಕೆ ಮನೆಗಳನ್ನು ಪರೀಕ್ಷಿಸಿ, ಪತ್ತೆಯಾಗದೆ ಉಳಿದ ಒಬ್ಬ ರೋಗಿಯಿಂದ ಜೊತೆಯವರಿಗೂ ಆರೈಕೆಯವರಿಗೂ ಸೋಂಕು ಹೇಗೆ ಹಬ್ಬುತ್ತದೆ ಎಂಬುದನ್ನು ದಾಖಲಿಸಿದರು. ನಮ್ಮಲ್ಲಿ ಅಜ್ಜ ಅಜ್ಜಿ ಇರುವುದು ಆರೈಕೆ ಮನೆಯಲ್ಲಲ್ಲ, ಮೊಮ್ಮಕ್ಕಳ ಜೊತೆ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಳ್ಳುವವರು ಅವರು. ಐದು ವರ್ಷದೊಳಗಿನ ಮಗುವಿಗೆ ಕ್ಷಯ ತಗುಲಿದರೆ ಅದು ಮಿದುಳಿನ ಪೊರೆಗೆ ಹರಡುವ ಅಪಾಯ ಇರುತ್ತದೆ. ಮಗುವಿನಲ್ಲಿ ರೋಗ ಕಂಡಾಗ ಮನೆಯಲ್ಲಿ ಯಾರಿಂದ ಬಂತೆಂದು ಹುಡುಕುತ್ತೇವೆ, ಆಗಲೂ ದಮ್ಮಿನ ಕೆಮ್ಮು ಎಂದು ಅಜ್ಜನನ್ನು ಬಿಟ್ಟೇಬಿಡುತ್ತೇವೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಬೆಂಗಳೂರು ಸುತ್ತಲ ಹಳ್ಳಿಗಳ ಆ ಅಧ್ಯಯನದಲ್ಲಿ ಕಫದಲ್ಲಿ ರೋಗಾಣು ಇದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷದಲ್ಲಿ ತೀರಿಕೊಂಡಿದ್ದರು, ಮೂರನೇ ಒಂದು ಭಾಗ ತಾವಾಗಿ ಗುಣವಾಗಿದ್ದರು, ಉಳಿದವರ ಕಫದಲ್ಲಿ ರೋಗಾಣು ಇನ್ನೂ ಇತ್ತು.

ಸರ್ಕಾರಕ್ಕೆ ಇದು ತಿಳಿಯದು ಎನ್ನುವಂತಿಲ್ಲ. 2024ರ ಡಿಸೆಂಬರ್ 7ರಂದು ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಅರವತ್ತು ದಾಟಿದವರನ್ನು ಹುಡುಕಿ ಪರೀಕ್ಷಿಸಬೇಕಾದವರ ಪಟ್ಟಿಗೆ ಸೇರಿಸಲಾಯಿತು, ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗೆ ಹೋದವು. ಇದು ಸರಿಯಾದ ಹೆಜ್ಜೆ. ಆದರೆ ಅಭಿಯಾನಕ್ಕೆ ದಿನದ ಲೆಕ್ಕವಿದೆ, ಮುಪ್ಪಿಗೆ ಇಲ್ಲ. ಬಿಪಿ ಮತ್ತು ಸಕ್ಕರೆ ಮಾತ್ರೆಗೆಂದು ತಿಂಗಳು ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲುವ ಹಿರಿಯರನ್ನು ಅಲ್ಲೇ ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಚೀಟಿಯಲ್ಲಿ ಬರೆಯುವುದಕ್ಕೆ ಹೊಸ ಯೋಜನೆ ಬೇಕಿಲ್ಲ. ಕಾರಣವಿಲ್ಲದೆ ಆರು ತಿಂಗಳಿನಿಂದ ಒಂದು ವರ್ಷದೊಳಗೆ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ನೋಡಬೇಕೆಂಬುದು ಒಪ್ಪಿತ ನಿಯಮ. ಅಂಥವರಿಗೆ ಕೆಮ್ಮು ಇರಲಿ ಬಿಡಲಿ ಎಕ್ಸ್‌ರೇ ಆಗಬೇಕು. ಚಿಕಿತ್ಸೆ ಶುರುವಾದ ಮೇಲೂ ತಕ್ಕಡಿಗೆ ಕೆಲಸವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರದ ಕಿಟ್ ಪಡೆದು ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಕ್ಷಯರೋಗಿಗಳ ಆಹಾರಕ್ಕೆಂದು ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಸಿಗುವ 1,000 ರೂಪಾಯಿ ಅಜ್ಜಿಯ ತಟ್ಟೆಗೆ ಮೊಟ್ಟೆಯಾಗಿಯೋ ಬೇಳೆಯಾಗಿಯೋ ಬರುತ್ತಿದೆಯೇ ಎಂದು ಆಶಾ ಕಾರ್ಯಕರ್ತೆ ವಿಚಾರಿಸಬೇಕು, ಹಲ್ಲಿಲ್ಲದ ಬಾಯಿಗೆ ಅದನ್ನು ಮೆತ್ತಗೆ ಬೇಯಿಸಿ ಕೊಡುವವರು ಮನೆಯಲ್ಲಿ ಇದ್ದಾರೆಯೇ ಎಂದೂ ನೋಡಬೇಕು. ಹಾಸಿಗೆ ಹಿಡಿದು ಕೇಂದ್ರಕ್ಕೆ ಬರಲಾಗದವರ ಕಫವನ್ನು ಅವರ ಅಂಗಳದಲ್ಲೇ, ಬೆಳಕಿನಲ್ಲಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಹೇಗೆ ಕೆಮ್ಮಬೇಕೆಂದು ಹೇಳಿಕೊಟ್ಟು ಸಂಗ್ರಹಿಸಬೇಕು. ಡಬ್ಬಿಯಲ್ಲಿ ಜೊಲ್ಲು ಬಂದಿದ್ದರೆ ಪ್ರಯೋಗಾಲಯ ನೆಗೆಟಿವ್ ಎಂದು ಬರೆಯದೆ ಮರುದಿನ ಇನ್ನೊಂದು ಡಬ್ಬಿ ಕಳಿಸಬೇಕು.